ಚಿಪ್ಪಿಂಗ್ ಕ್ಯಾಂಪ್ಡನ್‌ಗೆ ಅರ್ಧ ಗಂಟೆ ಸಾಲದು

ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ಟೂರ್ ಬಸ್ಸುಗಳಲ್ಲಿ ಒಂದೇ ದಿನಕ್ಕೆ ನಾಲ್ಕೈದು ಊರು ಮುಗಿಸುತ್ತಾರೆ. ಇಳಿಯೋದು, ಫೋಟೋ ಹೊಡೆಯೋದು, ಮತ್ತೆ ಹತ್ತೋದು. ಅಲ್ಲಿನ ಚಿಪ್ಪಿಂಗ್ ಕ್ಯಾಂಪ್ಡನ್ ಊರಿಗೆ ಹಾಗೆ ಹೋಗಬೇಡಿ.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಮೋರ್ಟನ್-ಇನ್-ಮಾರ್ಷ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬಸ್ಸೇ ಗತಿ, ಕ್ಯಾಂಪ್ಡನ್ನಿನ ಸ್ಟೇಷನ್ 1966ರಲ್ಲೇ ಮುಚ್ಚಿದೆ. ವಾಪಸ್ ಬರುವ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ನಾವು ನೋಡಲಿಲ್ಲ, ಟ್ಯಾಕ್ಸಿಗೆ ದಂಡ ತೆತ್ತೆವು.

'ಚಿಪ್ಪಿಂಗ್' ಅಂದರೆ ಹಳೇ ಇಂಗ್ಲಿಷಿನಲ್ಲಿ ಸಂತೆ. ಊರಿಗೆ ದುಡ್ಡು ತಂದದ್ದು ಕುರಿ ಉಣ್ಣೆ. 1401ರಲ್ಲಿ ತೀರಿಕೊಂಡ ಉಣ್ಣೆ ವ್ಯಾಪಾರಿ ವಿಲಿಯಂ ಗ್ರೆವಲ್‌ನ ಹಿತ್ತಾಳೆ ಫಲಕ ಸೇಂಟ್ ಜೇಮ್ಸ್ ಚರ್ಚಿನಲ್ಲಿದೆ. ಹೈ ಸ್ಟ್ರೀಟಿನ ನಡುವೆ ಇರುವ ಸಂತೆಕಟ್ಟೆಯನ್ನು 1627ರಲ್ಲಿ ಲಂಡನ್ನಿನ ಸಿರಿವಂತ ವ್ಯಾಪಾರಿ ಬ್ಯಾಪ್ಟಿಸ್ಟ್ ಹಿಕ್ಸ್ ಕಟ್ಟಿಸಿದ. ಗೋಡೆಯಿಲ್ಲ, ಬರೀ ಕಮಾನು. ಬೆಣ್ಣೆ, ಚೀಸ್, ಕೋಳಿ ಮಾರುವವರಿಗೆ ನೆರಳು ಬೇಕಿತ್ತು, ಅಷ್ಟೇ. ನೆಲದ ಕಲ್ಲು ಸವೆದು ಏರುತಗ್ಗಾಗಿದೆ, ಮಳೆಗಾಲದ ಚಪ್ಪಲಿ ಬೇಡ, ಶೂ ಹಾಕಿ. 1940ರ ದಶಕದಲ್ಲಿ ಇದು ಅಮೆರಿಕದವರೊಬ್ಬರ ಪಾಲಾಗುವುದರಲ್ಲಿತ್ತು. ಊರವರೇ ಚಂದಾ ಎತ್ತಿ ಕೊಂಡು, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು.

ನನಗೆ ಜಾಸ್ತಿ ಹಿಡಿಸಿದ್ದು ಶೀಪ್ ಸ್ಟ್ರೀಟಿನ ಹಳೇ ರೇಷ್ಮೆ ಮಿಲ್ಲು. 1902ರಲ್ಲಿ ಸಿ.ಆರ್. ಆಶ್ಬಿ ಎಂಬ ವಾಸ್ತುಶಿಲ್ಪಿ ತನ್ನ ಕೈಕಸುಬಿನ ಸಂಘದ ಪೂರ್ವ ಲಂಡನ್ನಿನ ಕುಶಲಕರ್ಮಿಗಳನ್ನು ಹೆಂಡತಿ ಮಕ್ಕಳ ಸಮೇತ ಇಲ್ಲಿಗೆ ಕರೆತಂದ. ಕೈಕೆಲಸದಿಂದಲೇ ಬದುಕಬೇಕೆಂಬ ಹಠ. 1908ರ ಹೊತ್ತಿಗೆ ಸಂಘ ಮುಳುಗಿತು. ಆದರೆ ಆ ಸಂಘದಲ್ಲಿದ್ದ ಹಾರ್ಟ್ ಮನೆತನದ ಬೆಳ್ಳಿ ಕೆಲಸ ಮಹಡಿಯ ಮೇಲೆ ಇವತ್ತಿಗೂ ನಡೆಯುತ್ತಿದೆ. ಸುಮ್ನೆ ಒಳಗೆ ಹೋಗಿ ನೋಡಬಹುದು. ಸುತ್ತಿಗೆ ಸದ್ದು ಕೇಳುತ್ತಾ ತಲೆ ಎತ್ತಿದರೆ, ಸೂರಿನಿಂದ ಹಳೇ ಲೆಕ್ಕದ ಬಿಲ್ ಚೀಟಿಗಳು ಕಂತೆ ಕಂತೆಯಾಗಿ ನೇತಾಡುತ್ತಿವೆ! ವಾರದ ದಿನಗಳಲ್ಲೇ ಹೋಗಿ.

ಊಟದ ವಿಷಯ: ಪಬ್ಬುಗಳ ಅಡುಗೆಮನೆ ಮಧ್ಯಾಹ್ನದ ನಂತರ ಮುಚ್ಚಿಬಿಡಬಹುದು, ತಡಮಾಡಬೇಡಿ.

ಸಮಯ ಉಳಿದರೆ ಪಕ್ಕದ ಬ್ರಾಡ್ ಕ್ಯಾಂಪ್ಡನ್‌ಗೆ ನಡೆಯಿರಿ, ಒಂದೇ ಮೈಲಿ. ಭಾರತೀಯ ಕಲೆಯ ಬಗ್ಗೆ ಬರೆದ ಆನಂದ ಕುಮಾರಸ್ವಾಮಿ ಅಲ್ಲಿ ಆಶ್ಬಿ ದುರಸ್ತಿ ಮಾಡಿಸಿಕೊಟ್ಟ ಪುರಾತನ ಪ್ರಾರ್ಥನಾ ಮಂದಿರದಲ್ಲಿ ವಾಸವಿದ್ದರು. ಸಿಂಹಳದ ಕಲೆಯ ಬಗೆಗಿನ ತಮ್ಮ ದೊಡ್ಡ ಪುಸ್ತಕವನ್ನು 1908ರಲ್ಲಿ ಅಲ್ಲೇ ಅಚ್ಚು ಹಾಕಿಸಿದರು. ಈಗ ಆ ಮಂದಿರ ಯಾರದೋ ಖಾಸಗಿ ಮನೆ. ರಸ್ತೆಯಲ್ಲೇ ನಿಂತು ನೋಡಿ ಬನ್ನಿ.