ಹಣೆಯ ಬೂದಿ, ದಡದ ಕರೆ

ಬೂದಿ ಬುಧವಾರದ ಬೆಳಗಿನ ಪೂಜೆಯಲ್ಲಿ ಫಾದರ್ ಹೆಬ್ಬೆರಳಿನಿಂದ ನನ್ನ ಹಣೆಗೆ ಶಿಲುಬೆ ಎಳೆದಾಗ ಚೂರು ಬೂದಿ ಮೂಗಿನ ಮೇಲೆ ಉದುರಿತು. ಕಳೆದ ವರ್ಷ ಗರಿಗಳ ಭಾನುವಾರ ನಾವೇ ಕೈಯಲ್ಲಿ ಹಿಡಿದು ‘ಹೊಸಾನ್ನ’ ಹಾಡಿದ ಗರಿ ಅದು. ವರ್ಷವಿಡೀ ಮನೆಯ ಅಲ್ತಾರದ ಹಿಂದೆ ಸಿಕ್ಕಿಸಿಟ್ಟು, ಒಣಗಿ ಮುರುಟಿದ ಮೇಲೆ ಇಗರ್ಜಿಗೆ ಮರಳಿ ಕೊಟ್ಟಿದ್ದೆವು. ಈಗ ಸುಟ್ಟು ಪುಡಿಯಾಗಿ ಹಣೆಗೆ ಬಂದಿದೆ. ಬೆರಳಲ್ಲಿ ಮುಟ್ಟಿದರೆ ನುಣುಪು, ನಡುವೆ ಸುಡದೆ ಉಳಿದ ಒಂದು ಗರಿಕಡ್ಡಿಯ ತರಿ. ಆ ತರಿ ದಿನವಿಡೀ ಹಣೆಯಲ್ಲಿ ಚುಚ್ಚುತ್ತಲೇ ಇತ್ತು.

‘ಪಶ್ಚಾತ್ತಾಪಪಟ್ಟು ಶುಭಸಂದೇಶದಲ್ಲಿ ವಿಶ್ವಾಸವಿಡು’ ಎನ್ನುತ್ತಾ ಫಾದರ್ ಬೂದಿ ಹಚ್ಚುತ್ತಾರೆ. ಮಾರ್ಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಸಾರಿದ ಮೊದಲ ಬೋಧನೆಯೇ ಇದು. ಅದನ್ನು ಹೇಳಿ ಸ್ವಾಮಿ ಅಲ್ಲೇ ನಿಲ್ಲಲಿಲ್ಲ, ಗಲಿಲೇಯ ಸರೋವರದ ದಡದಲ್ಲಿ ನಡೆದು ಹೋದರು. ಸಿಮೋನ, ಅಂದ್ರೆಯ ಬಲೆ ಬೀಸುತ್ತಿದ್ದರು. ಯಕೋಬ, ಯೊವಾನ್ನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ನಾಲ್ವರನ್ನೂ ಸ್ವಾಮಿ ತಮ್ಮನ್ನು ಹಿಂಬಾಲಿಸಲು ಕರೆದರು. ಕಾರವಾರದ ಕಡಲಂಚಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಬಲೆ ಸರಿಮಾಡುವ ಮಾತು ಬಂದರೆ ನನಗೆ ಅಜ್ಜನೇ ಕಣ್ಣೆದುರು ಬರುತ್ತಾನೆ. ಅಂಗಳದಲ್ಲಿ ಕಾಲು ಚಾಚಿ ಕೂತು, ಹೆಬ್ಬೆಟ್ಟಿಗೆ ಬಲೆಯ ಕಣ್ಣು ಸಿಕ್ಕಿಸಿ ಎಳೆದು ಹಿಡಿದು, ದಾರ ಸುತ್ತಿದ ಬಿದಿರ ಸೂಜಿಯನ್ನು ಸರಸರ ಆಡಿಸುತ್ತಿದ್ದ. ಕತ್ತಲಾದರೂ ಹರಿದ ಜಾಗ ಅವನ ಬೆರಳಿಗೆ ಗೊತ್ತಾಗುತ್ತಿತ್ತು. “ಬಲೆ ಹೊಲಿಯುವವನು ನಾಳೆಯ ಮೀನು ಎಣಿಸುತ್ತಾ ಕೂತಿರುತ್ತಾನೆ ಮಗಾ. ಅಂಥವನು ಸೂಜಿ ಕೆಳಗಿಟ್ಟು ಎದ್ದನೆಂದರೆ ಸಣ್ಣ ಮಾತಲ್ಲ” ಎನ್ನುತ್ತಿದ್ದ. ಯಕೋಬ, ಯೊವಾನ್ನರು ತಂದೆ ಜೆಬೆದಾಯನನ್ನೂ ಕೂಲಿಯಾಳುಗಳನ್ನೂ ದೋಣಿಯಲ್ಲೇ ಬಿಟ್ಟು ಹೋದರಲ್ಲ, ಆ ಅಪ್ಪನ ಮುಖ ಹೇಗಿದ್ದೀತು ಎಂದು ಅಜ್ಜ ಒಬ್ಬನೇ ಕೇಳುತ್ತಿದ್ದ. ಫಾದರ್‌ಗಳ ಯಾವ ಪ್ರಸಂಗದಲ್ಲೂ ಆ ಪ್ರಶ್ನೆ ನನ್ನ ಕಿವಿಗೆ ಬಿದ್ದಿಲ್ಲ.

ದಡದಿಂದ ಹಗ್ಗ ಹಿಡಿದು ಹಲವರು ಸೇರಿ ಎಳೆಯುವ ಏಂಡಿ ಬಲೆಯಲ್ಲಿ ಅಜ್ಜನಿಗೆ ಪಾಲಿತ್ತು. ಬೂದಿ ಬುಧವಾರದಿಂದ ಶುರುವಾಗುವ ಉಪವಾಸದ ತಪಸ್ಸುಕಾಲ ಬಂತೆಂದರೆ ಮೊದಲು ಪಾಲಿನ ಲೆಕ್ಕ ತೀರಿಸುತ್ತಿದ್ದ. ಹಗ್ಗ ಎಳೆದವರಲ್ಲಿ ಯಾರಿಗಾದರೂ ಬಾಕಿ ಉಳಿದಿದ್ದರೆ ಮನೆ ಬಾಗಿಲಿಗೇ ಹೋಗಿ ಕೊಟ್ಟು ಬರಬೇಕು, ಪಾಪನಿವೇದನೆ ಆಮೇಲೆ. “ಫಾದರ್ ಪಾಪ ಕ್ಷಮಿಸುತ್ತಾರೆ. ಅವನ ಮನೆಯ ಗಂಜಿಯನ್ನು ನಾನೇ ಕೊಡಬೇಕು.” ಶುಭಸಂದೇಶದ ಸುಂಕದವ ಜಕ್ಕಾಯನೂ ಹಾಗೆಯೇ ಅಲ್ಲವೇ? ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಸ್ವಾಮಿಯ ಎದುರೇ ನಿಂತು ಹೇಳಿದ. ಕಣ್ಣೀರಿನ ಮಾತು ಆ ಕಥೆಯಲ್ಲಿ ಇಲ್ಲವೇ ಇಲ್ಲ.

ಈಗ ನೋಡಿ. ಬೂದಿಯ ದಿನ ಇಗರ್ಜಿಯಲ್ಲಿ ಕಾಲಿಡಲು ಜಾಗವಿಲ್ಲ, ಶುಕ್ರವಾರದ ಶಿಲುಬೆ ಹಾದಿಯ ಪ್ರಾರ್ಥನೆಗೆ ಬೆಂಚುಗಳು ಖಾಲಿ. ಹಣೆಯ ಬೂದಿ ವಾಟ್ಸಾಪ್ ಸ್ಟೇಟಸ್‌ಗೆ ಏರುತ್ತದೆ. ಉಪವಾಸ ಮಾಡುವಾಗ ಮುಖ ತೊಳೆದುಕೋ, ತಲೆಗೆ ಎಣ್ಣೆ ಹಚ್ಚಿಕೋ, ಜನರಿಗೆ ತೋರಿಸಬೇಡ ಎಂಬ ವಾಚನವನ್ನು ಅದೇ ದಿನ, ಅದೇ ಪೂಜೆಯಲ್ಲಿ ಓದಿರುತ್ತಾರೆ! ಶುಕ್ರವಾರ ಮಾಂಸ ಬಿಟ್ಟೆವೆಂದು ಸಿಗಡಿ ಹುರಿದು ಹಬ್ಬದೂಟ ಮಾಡುವವರೂ ನಮ್ಮಲ್ಲಿದ್ದಾರೆ. ಕಟ್ಟಳೆ ಮುರಿದಂತಾಗಲಿಲ್ಲ, ನಿಜ. ಬಿಟ್ಟದ್ದಾದರೂ ಏನು? ಮಕ್ಕಳು ನೋಡುತ್ತಿರುತ್ತಾರೆ ಎಂಬುದೇ ನನ್ನ ಸಂಕಟ.

ಆದರೂ ಎದೆಗುಂದಬೇಕಿಲ್ಲ. ಬಲೆ ಬೀಸುತ್ತಿದ್ದ ಆ ಸಿಮೋನ ಪೇತ್ರನನ್ನೇ ನೋಡಿ. ಸ್ವಾಮಿ ಸೆರೆಯಾದ ರಾತ್ರಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ ‘ಆತನನ್ನು ನಾನರಿಯೆ’ ಎಂದವನು ಅವನು. ಪುನರುತ್ಥಾನದ ನಂತರ 153 ಮೀನು ಬಿದ್ದ ಬೆಳಗ್ಗೆ ಸ್ವಾಮಿ ದಡದಲ್ಲಿ ಮತ್ತೆ ಇದ್ದಲ ಬೆಂಕಿಯನ್ನೇ ಹಚ್ಚಿ, ಮೀನು ಸುಟ್ಟು, ಉಣ್ಣಲು ಕರೆದರು. ಬೈಯಲಿಲ್ಲ. ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳಿ, ಕೊನೆಗೆ ‘ನನ್ನನ್ನು ಹಿಂಬಾಲಿಸು’ ಎಂದರು. ಬಿದ್ದವನಿಗೂ ಅದೇ ಕರೆ. ಈ ವಾಕ್ಯ ಓದುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಆ ಕರೆಗೆ ಓಗೊಟ್ಟವರು ನಮ್ಮ ಕರಾವಳಿಯಲ್ಲೇ ನಡೆದಾಡಿದ್ದಾರೆ. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಗುರು ಜೋಸೆಫ್ ವಾಜ್ ಇಲ್ಲಿಯ ವಿಶ್ವಾಸಿಗಳನ್ನು ಸಂತೈಸಿ ಒಗ್ಗೂಡಿಸಿದರು. ಮುಂದೆ 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ಬಿಟ್ಟುಕೊಳ್ಳದ ಶ್ರೀಲಂಕಾಕ್ಕೆ ವೇಷ ಮರೆಸಿಕೊಂಡು ಹೋದರು. ಮತ್ತೆ ಊರಿಗೆ ಮರಳಲಿಲ್ಲ. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದಾಗ ಅಜ್ಜ ಇರಬೇಕಿತ್ತು.

ಸಂತ ಜೋಸೆಫ್ ವಾಜರೇ, ಬಾಕಿ ಉಳಿಸಿಕೊಂಡ ಈ ದಡದ ಮಕ್ಕಳಿಗಾಗಿ ಪ್ರಾರ್ಥಿಸಿರಿ.