ಮೈನಸ್ ನಾಲ್ಕು ಸೆಕೆಂಡಲ್ಲಿ ಮುಗ್ದ ಬ್ಯಾಕಪ್

ಮೊನ್ನೆ ಒಂದು ಲಾಗ್ ಫೈಲ್ (ಕಂಪ್ಯೂಟರ್ ತಾನು ಮಾಡಿದ ಕೆಲ್ಸ ಬರ್ದಿಡೋ ಫೈಲ್) ನೋಡ್ತಾ ಇದ್ದೆ, ಅದ್ರಲ್ಲಿ ಒಂದು ಸಾಲು ಹೀಗಿತ್ತು: "ಬ್ಯಾಕಪ್ ಮುಗಿಯಿತು, ತೆಗೆದುಕೊಂಡ ಸಮಯ -4 ಸೆಕೆಂಡ್". ಮೈನಸ್ ನಾಲ್ಕು! ಅಂದ್ರೆ ಕೆಲ್ಸ ಶುರುವಾಗೋಕೆ ನಾಲ್ಕು ಸೆಕೆಂಡ್ ಮುಂಚೆನೇ ಮುಗ್ದಿದೆ ಅಂತ ಅರ್ಥ. ಈ ಬ್ಯಾಕಪ್ ಮಾಡೋ ಸ್ಕ್ರಿಪ್ಟ್, ಅಂದ್ರೆ ಪುಟ್ಟ ಪ್ರೋಗ್ರಾಂ, ನಾನೇ ಬರ್ದಿದ್ದು, ಅದ್ರಲ್ಲಿ ಲೆಕ್ಕ ಏನೂ ದೊಡ್ಡದಿಲ್ಲ, ಶುರುನಲ್ಲಿ ಒಂದ್ಸಲ ಟೈಮ್ ನೋಡ್ಕೊಳ್ಳುತ್ತೆ ಕೊನೇಲಿ ಒಂದ್ಸಲ ನೋಡ್ಕೊಳ್ಳುತ್ತೆ, ಎರಡನೇದ್ರಲ್ಲಿ ಮೊದಲನೇದನ್ನ ಕಳೆಯುತ್ತೆ, ಅಷ್ಟೇ. ಕಳೆಯೋ ಲೆಕ್ಕ ತಪ್ಪಾಗೋಕೆ ಸಾಧ್ಯ ಇಲ್ಲ. ಹಾಗಾದ್ರೆ ಟೈಮೇ ಹಿಂದಕ್ಕೆ ಹೋಗಿರ್ಬೇಕು.

ಹೋಗಿತ್ತು ಕೂಡ. ಒಂದು ಹಳೇ ಲ್ಯಾಪ್‌ಟಾಪನ್ನ ಸರ್ವರ್ ಥರ ಇಟ್ಕೊಂಡಿದೀನಿ, ಅದು ದಿನಾ ಕೆಲವು ಫೋಲ್ಡರ್‌ಗಳನ್ನ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತೆ. ರೂಟರ್ ಕೈಕೊಟ್ಟು ನಾಲ್ಕು ದಿನ ನೆಟ್ ಇರ್ಲಿಲ್ಲ. ಆ ನಾಲ್ಕು ದಿನ ಲ್ಯಾಪ್‌ಟಾಪಿನ ಗಡಿಯಾರ ಯಾರನ್ನೂ ಕೇಳದೆ ತನ್ನ ಪಾಡಿಗೆ ತಾನು ಓಡಿದೆ, ಓಡ್ತಾ ಓಡ್ತಾ ಏಳು ಸೆಕೆಂಡ್ ಮುಂದೆ ಹೋಗ್ಬಿಟ್ಟಿದೆ, ನೆಟ್ ವಾಪಸ್ ಬಂದ ಕೂಡ್ಲೆ ಹೊರಗಿನ ಟೈಮ್ ಸರ್ವರ್ ಕೇಳ್ಕೊಂಡು ಏಳು ಸೆಕೆಂಡ್ ಹಿಂದಕ್ಕೆ ಹಾರಿದೆ, ಸರಿಯಾಗಿ ಅದೇ ಹೊತ್ತಿಗೆ ನನ್ನ ಬ್ಯಾಕಪ್ ಓಡ್ತಾ ಇತ್ತು. ಬ್ಯಾಕಪ್‌ಗೆ ನಿಜವಾಗ್ಲೂ ಹಿಡ್ದಿದ್ದು ಮೂರು ಸೆಕೆಂಡ್. ಮೂರರಲ್ಲಿ ಏಳು ಹೋದ್ರೆ ಮೈನಸ್ ನಾಲ್ಕು.

ಕಾರಣ ಸಿಕ್ಕಿದ್ರೂ ಸಮಾಧಾನ ಆಗ್ಲಿಲ್ಲ. ನಾಲ್ಕು ದಿನಕ್ಕೆ ಏಳು ಸೆಕೆಂಡ್ ಯಾಕೆ ಹೋಗುತ್ತೆ ಅಂತ ಅದ್ರ ಬೆನ್ನು ಹತ್ತಿದೆ, ವಾರ ಪೂರ್ತಿ ಅದೇ ಆಯ್ತು.

ನಮ್ಮ ಸುತ್ತ ಇರೋ ಬಹುಪಾಲು ಎಲೆಕ್ಟ್ರಾನಿಕ್ ಗಡಿಯಾರದೊಳಗೆ ಒಂದು ಕ್ವಾರ್ಟ್ಜ್ ಹರಳು ಇರುತ್ತೆ. ಕ್ವಾರ್ಟ್ಜ್ ಅದುಮಿದ್ರೆ ವಿದ್ಯುತ್ ಹುಟ್ಟುತ್ತೆ ಅಂತ 1880ರಲ್ಲಿ ಜಾಕ್ ಕ್ಯೂರಿ ಮತ್ತೆ ಪಿಯರ್ ಕ್ಯೂರಿ ಅಣ್ಣತಮ್ಮಂದಿರು ತೋರಿಸಿದ್ರು, ಉಲ್ಟಾನೂ ನಿಜ, ವಿದ್ಯುತ್ ಕೊಟ್ರೆ ಅದು ನಡುಗುತ್ತೆ. ಕೈಗಡಿಯಾರದಲ್ಲಿರೋ ಹರಳನ್ನ ಸ್ಕೂಲ್ ಲ್ಯಾಬಲ್ಲಿ ನೋಡಿರ್ತೀವಲ್ಲ ಆ ಶ್ರುತಿಕವೆ ಆಕಾರದಲ್ಲೇ ಕತ್ತರಿಸಿರ್ತಾರೆ, ಕೆಲವೇ ಮಿಲಿಮೀಟರ್ ಉದ್ದ, ಸೆಕೆಂಡಿಗೆ 32,768 ಸಲ ನಡುಗೋ ಹಾಗೆ. ಈ ಸಂಖ್ಯೆ ಸುಮ್ನೆ ಬಂದಿದ್ದಲ್ಲ. ಎರಡನ್ನ ಹದಿನೈದು ಸಲ ಗುಣಿಸಿದ್ರೆ 32,768 ಬರುತ್ತೆ, ಹಾಗಾಗಿ ಅರ್ಧ ಮಾಡೋ ಸರ್ಕ್ಯೂಟ್ ಹದಿನೈದನ್ನ ಸಾಲಾಗಿ ಜೋಡಿಸಿದ್ರೆ ಕೊನೇಲಿ ಸೆಕೆಂಡಿಗೆ ಕರೆಕ್ಟಾಗಿ ಒಂದು ಬಡಿತ ಹೊರಗೆ ಬರುತ್ತೆ. ನಂಗೆ ಇದು ತುಂಬಾ ಚೆಂದ ಅನ್ಸುತ್ತೆ. ಕಲ್ಲಿನ ಚೂರೊಂದು ನಡುಗೋದನ್ನ ಹದಿನೈದು ಸಲ ಅರ್ಧ ಮಾಡಿದ್ರೆ ಸೆಕೆಂಡಿನ ಮುಳ್ಳು ಒಂದು ಮನೆ ಮುಂದೆ ಹೋಗುತ್ತೆ. 1969ರ ಡಿಸೆಂಬರ್ 25ಕ್ಕೆ ಸೀಕೋ ಆಸ್ಟ್ರಾನ್ ಅಂತ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕೆ ಬಂತು, ಅದ್ರ ಹರಳು 8,192 ಸಲ ನಡುಗ್ತಿತ್ತು, ಅದೂ ಎರಡರ ಘಾತನೇ, ಹದಿಮೂರನೇದು.

ಆದ್ರೆ ಹರಳು ಕತ್ತರಿಸೋದ್ರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ಸಾಮಾನ್ಯ ಹರಳಿನ ಡೇಟಾಶೀಟ್ ತೆಗೆದ್ರೆ 20 ಪಿಪಿಎಂ ಅಂತ ಬರ್ದಿರುತ್ತೆ, ಹತ್ತು ಲಕ್ಷಕ್ಕೆ ಇಪ್ಪತ್ತು. ಕೇಳೋಕೆ ಏನೇನೂ ಅಲ್ಲ ಅನ್ಸುತ್ತೆ, ಆದ್ರೆ ದಿನಕ್ಕೆ 86,400 ಸೆಕೆಂಡ್ ಇದೆ, ಗುಣಿಸಿ ನೋಡಿದ್ರೆ ದಿನಕ್ಕೆ 1.7 ಸೆಕೆಂಡ್ ಆಯ್ತು. ನಾಲ್ಕು ದಿನಕ್ಕೆ ಸುಮಾರು ಏಳು. ಲ್ಯಾಪ್‌ಟಾಪ್ ಆನ್ ಇದ್ದಾಗ ಎಣಿಸೋದು ಬೇರೆ, ಇನ್ನೂ ಜೋರಾಗಿ ನಡುಗೋ ಹರಳನ್ನ, ಆದ್ರೂ ತಪ್ಪಿನ ಅಳತೆ ಇದೇ ಸುಮಾರಿಗೆ ಇರುತ್ತೆ. ಕಾಗದದ ಮೇಲೆ ಹಾಕಿದ ಲೆಕ್ಕ ನನ್ನ ಲಾಗ್ ಫೈಲಲ್ಲಿರೋ ಸಂಖ್ಯೆಗೆ ಹೀಗೆ ಬಂದು ಕೂತಾಗ ಆದ ಖುಷಿ ದೊಡ್ಡದು. ಇನ್ನೊಂದು ವಿಷಯ, ಕವೆ ಆಕಾರದ ಹರಳು 25 ಡಿಗ್ರಿ ಆಸುಪಾಸಲ್ಲಿ ಅತಿ ಜೋರಾಗಿ ನಡುಗುತ್ತೆ, ಚಳಿಯಾದ್ರೂ ನಿಧಾನ ಆಗುತ್ತೆ, ಸೆಕೆ ಆದ್ರೂ ನಿಧಾನನೇ ಆಗುತ್ತೆ. ಇಪ್ಪತ್ತು ಡಿಗ್ರಿ ಆಚೆ ಈಚೆ ಆದ್ರೆ ದಿನಕ್ಕೆ ಒಂದು ಸೆಕೆಂಡಿಗಿಂತ ಜಾಸ್ತಿ ಹಿಂದೆ ಬೀಳುತ್ತೆ.

ಲ್ಯಾಪ್‌ಟಾಪ್ ಪೂರ್ತಿ ಆಫ್ ಆದಾಗ ಟೈಮ್ ನೋಡ್ಕೊಳ್ಳೋದು ಮದರ್‌ಬೋರ್ಡ್ ಮೇಲಿರೋ ನಾಣ್ಯದಂಥ ಪುಟ್ಟ ಸೆಲ್ ಮತ್ತೆ ಈ ಕವೆ ಹರಳು. ಆ ಸೆಲ್ ಸತ್ತ ಕಂಪ್ಯೂಟರ್ ಒಂದನ್ನ ನೋಡಿದ್ದೆ, ಆನ್ ಮಾಡಿದ್ರೆ ಯಾವುದೋ ಹಳೇ ವರ್ಷದ ಜನವರಿ 1 ತೋರಿಸ್ತಿತ್ತು, ಬ್ರೌಸರ್ ತೆಗೆದ್ರೆ ಯಾವ ವೆಬ್‌ಸೈಟೂ ಓಪನ್ ಆಗ್ತಿರ್ಲಿಲ್ಲ, ಎಲ್ಲಾದಕ್ಕೂ "ಸಂಪರ್ಕ ಸುರಕ್ಷಿತವಲ್ಲ" ಅಂತ ಬರ್ತಿತ್ತು. ವೆಬ್‌ಸೈಟಿನ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ, ಕಂಪ್ಯೂಟರ್ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ! ಮೂವತ್ತು ಸೆಕೆಂಡಿಗೊಂದು ಸಲ ಬದಲಾಗೋ ಆರಂಕಿ ಲಾಗಿನ್ ಕೋಡ್ ಕೊಡೋ ಆಪ್ ಇರುತ್ತಲ್ಲ, ಅದೂ ಅಷ್ಟೇ, ಫೋನಿನ ಟೈಮನ್ನ ಮೂವತ್ತರಿಂದ ಭಾಗಿಸಿ ಬಂದ ಸಂಖ್ಯೆ ಜೊತೆ ಒಂದು ಗುಟ್ಟಿನ ಕೀ ಸೇರಿಸಿ ಆ ಆರು ಅಂಕಿ ಹುಟ್ಟಿಸುತ್ತೆ, ಫೋನಿನ ಟೈಮ್ ಎರಡು ಮೂರು ನಿಮಿಷ ತಪ್ಪಿದ್ರೆ ಕೋಡ್ ತಗೊಳ್ಳೋದೇ ಇಲ್ಲ. ಪಾಸ್‌ವರ್ಡ್ ಸರಿ, ಕೋಡ್ ಸರಿಯಾಗೇ ಟೈಪ್ ಮಾಡಿದೀನಿ, ಆದ್ರೂ ಲಾಗಿನ್ ಆಗ್ತಿಲ್ಲ ಅನ್ನೋರಿಗೆ ನಾನು ಮೊದಲು ಹೇಳೋದು ಫೋನಿನ ಟೈಮ್ ಸೆಟ್ಟಿಂಗ್ ನೋಡಿ ಅಂತ.

ಹರಳೇ ಇಲ್ಲದ ಗಡಿಯಾರಗಳೂ ಇವೆ. ಓವನ್ ಮೇಲಿರೋ ಗಡಿಯಾರ, ಹಳೇ ಕಾಲದ ರೇಡಿಯೋ ಅಲಾರಂ, ಇವುಗಳಲ್ಲಿ ಕೆಲವು ಕರೆಂಟಿನ ಏರಿಳಿತನೇ ಎಣಿಸ್ತಾವೆ, ಐವತ್ತು ಎಣಿಸಿದ್ರೆ ಒಂದು ಸೆಕೆಂಡ್ ಅಂತ. 2018ರ ಜನವರಿ ಮಧ್ಯದಿಂದ ಮಾರ್ಚ್ ಶುರುವಿನವರೆಗೆ ಯುರೋಪಲ್ಲಿ ಇಂಥ ಗಡಿಯಾರಗಳೆಲ್ಲ ಒಟ್ಟಿಗೆ ಸುಮಾರು ಆರು ನಿಮಿಷ ಹಿಂದೆ ಬಿದ್ವು. ಸರ್ಬಿಯಾ ಮತ್ತೆ ಕೊಸೊವೊ ನಡುವಿನ ಜಗಳದಲ್ಲಿ ಗ್ರಿಡ್ಡಿಗೆ, ಅಂದ್ರೆ ವಿದ್ಯುತ್ ಜಾಲಕ್ಕೆ, ಬರ್ಬೇಕಾದ ವಿದ್ಯುತ್ ಸ್ವಲ್ಪ ಬರ್ಲಿಲ್ಲ, ಒಂದಕ್ಕೊಂದು ಕಟ್ಟಿಕೊಂಡಿರೋ 25 ದೇಶಗಳ ಗ್ರಿಡ್ಡಿನಲ್ಲಿ ಸೆಕೆಂಡಿಗಾಗೋ ಏರಿಳಿತದ ಸರಾಸರಿ 50ರಿಂದ 49.996 ಹರ್ಟ್ಜಿಗೆ ಇಳೀತು, ಅಷ್ಟೇ ಆಗಿದ್ದು. 0.004 ಹರ್ಟ್ಜ್! ಆಮೇಲೆ ಕೆಲವು ವಾರ 50ಕ್ಕಿಂತ ಒಂಚೂರು ಜಾಸ್ತಿ ಓಡಿಸಿ ಕಳ್ಕೊಂಡ ಆರು ನಿಮಿಷ ವಾಪಸ್ ಕೊಟ್ರು. ದೂರದಲ್ಲೆಲ್ಲೋ ತಿರುಗ್ತಾ ಇರೋ ಟರ್ಬೈನಿಗೂ ಅಡುಗೆಮನೆ ಗೋಡೆ ಮೇಲಿನ ಅಂಕಿಗೂ ಇಷ್ಟು ನೇರ ಸಂಬಂಧ ಇದೆ ಅಂತ ಗೊತ್ತಾದ ದಿನ ಎಷ್ಟೋ ಹೊತ್ತು ಅದನ್ನೇ ಯೋಚಿಸ್ತಾ ಕೂತಿದ್ದೆ.

ಸರಿ, ಲ್ಯಾಪ್‌ಟಾಪಿಗೆ ವಾಪಸ್ ಬರೋಣ. ನೆಟ್ ಬಂದ ಮೇಲೆ ಅದು ಟೈಮ್ ಕೇಳಿದ್ದು ಎನ್‌ಟಿಪಿ ಅನ್ನೋ, ಕಂಪ್ಯೂಟರುಗಳು ಟೈಮ್ ಹೊಂದಿಸ್ಕೊಳ್ಳೋ ಪ್ರೊಟೊಕಾಲ್‌ನಲ್ಲಿ, ಡೆಲಾವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಕಟ್ಟಿದ್ದು, 1985ರಿಂದ ಇದೆ. ಟೈಮ್ ಕೇಳೋದ್ರಲ್ಲಿ ಒಂದು ಕಷ್ಟ ಇದೆ, "ಈಗ ಟೈಮೆಷ್ಟು" ಅಂತ ದೂರದಲ್ಲಿರೋರನ್ನ ಕೇಳಿದ್ರೆ ಉತ್ತರ ಕೈಗೆ ಬರೋಷ್ಟರಲ್ಲಿ ಅದು ಹಳೇದಾಗಿರುತ್ತೆ, ಎಷ್ಟು ಹಳೇದು ಅಂತ ನೇರವಾಗಿ ಅಳೆಯೋಕೂ ಆಗಲ್ಲ ಯಾಕಂದ್ರೆ ಎರಡು ಕಡೆ ಗಡಿಯಾರ ಬೇರೆ ಬೇರೆ. ಮಿಲ್ಸ್ ಇದಕ್ಕೆ ನಾಲ್ಕು ಟೈಮ್ ತಗೊಂಡ್ರು. ನನ್ನ ಗಡಿಯಾರದಲ್ಲಿ 100ಕ್ಕೆ ಕೇಳ್ದೆ ಅಂದ್ಕೊಳ್ಳಿ, ಸರ್ವರಿಗೆ ಅದರ ಗಡಿಯಾರದ 105ಕ್ಕೆ ತಲುಪ್ತು, ಅದು 106ಕ್ಕೆ ಉತ್ತರ ಕಳಿಸ್ತು, ನಂಗೆ ನನ್ನ 105ಕ್ಕೆ ಸಿಕ್ತು. ಹೋಗೋವಾಗ ವ್ಯತ್ಯಾಸ 5, ಬರೋವಾಗ ವ್ಯತ್ಯಾಸ 1, ಎರಡೂ ಕೂಡಿ ಅರ್ಧ ಮಾಡಿದ್ರೆ 3, ಅಂದ್ರೆ ನಾನು ಮೂರು ಸೆಕೆಂಡ್ ಹಿಂದಿದೀನಿ. ದಾರೀಲಿ ಹಿಡ್ದಿದ್ದು ಹೋಗೋಕೆ ಎರಡು, ಬರೋಕೆ ಎರಡು, ಅದು ಕೂಡಿ ಕಳೆಯೋದ್ರಲ್ಲೇ ಮಾಯ ಆಯ್ತು! ಹೋಗೋಕೂ ಬರೋಕೂ ಒಂದೇ ಹೊತ್ತು ಹಿಡಿಯುತ್ತೆ ಅನ್ನೋ ನಂಬಿಕೆ ಒಂದೇ ಇದಕ್ಕೆ ಆಧಾರ, ಅದು ತಪ್ಪಿದಷ್ಟು ಉತ್ತರನೂ ತಪ್ಪುತ್ತೆ. ನಲವತ್ತು ವರ್ಷ ಆದ್ರೂ ಇದೇ ಲೆಕ್ಕ ನಡೀತಾ ಇದೆ.

ತಪ್ಪು ಎಷ್ಟು ಅಂತ ಗೊತ್ತಾದ ಮೇಲೆ ಸರಿ ಮಾಡೋಕೆ ಎರಡು ದಾರಿ. ಒಂದು, ಗಡಿಯಾರನ ನಿಧಾನಕ್ಕೆ ಎಳೆಯೋದು, ಸೆಕೆಂಡನ್ನೇ ಒಂಚೂರು ಉದ್ದ ಮಾಡೋದು. ಇದಕ್ಕೆ ಮಿತಿ 500 ಪಿಪಿಎಂ, ಸೆಕೆಂಡಿಗೆ ಅರ್ಧ ಮಿಲಿಸೆಕೆಂಡ್, ಈ ದಾರೀಲಿ ನನ್ನ ಏಳು ಸೆಕೆಂಡ್ ಸರಿಹೋಗೋಕೆ ನಾಲ್ಕು ಗಂಟೆ ಹತ್ರ ಬೇಕು. ಇನ್ನೊಂದು ಒಂದೇ ಏಟಿಗೆ ಹಾರಿಸೋದು. ತಪ್ಪು ದೊಡ್ಡದಿದ್ರೆ ಸಾಮಾನ್ಯವಾಗಿ ಹಾರಿಸ್ತಾರೆ. ನಂದು ಹಾರ್ತು.

ಇದು ಹಳೇ ಲ್ಯಾಪ್‌ಟಾಪಿಗೆ ಮಾತ್ರ ಆಗೋ ಸಮಸ್ಯೆ ಅಂದ್ಕೊಂಡಿದ್ದೆ. ಅಲ್ಲ. ಭೂಮಿ ತಿರುಗೋದು ಪರಮಾಣು ಗಡಿಯಾರದಷ್ಟು ಸಮ ಇಲ್ಲ, ಎರಡನ್ನೂ ಹೊಂದಿಸೋಕೆ 1972ರಿಂದ ಆಗಾಗ ಒಂದು ಲೀಪ್ ಸೆಕೆಂಡ್ ಸೇರಿಸ್ತಾ ಬಂದಿದಾರೆ, ಒಟ್ಟು 27 ಆಗಿವೆ, ಕೊನೇದು 2016ರ ಡಿಸೆಂಬರ್ 31ಕ್ಕೆ. ಆಗ ಗಡಿಯಾರ 23:59:59 ಆದ್ಮೇಲೆ 23:59:60 ತೋರಿಸ್ಬೇಕು. ಆದ್ರೆ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ 1970ರ ಜನವರಿ 1ರಿಂದ ಸೆಕೆಂಡ್ ಎಣಿಸೋ ರೀತೀಲಿ ದಿನಕ್ಕೆ 86,400 ಅಂತ ಗಟ್ಟಿಯಾಗಿ ಕೂತಿದೆ, ಅರವತ್ತನೇ ಸೆಕೆಂಡಿಗೆ ಜಾಗ ಇಲ್ಲ, ಹಾಗಾಗಿ ಗಡಿಯಾರ ಒಂದು ಸೆಕೆಂಡ್ ಹಿಂದೆ ಹೋಗಿ ಅದೇ ಸಂಖ್ಯೆ ಮತ್ತೆ ಬರುತ್ತೆ. 2016ರ ಆ ರಾತ್ರಿ ವೆಬ್‌ಸೈಟುಗಳಿಗೆ ಸೇವೆ ಕೊಡೋ ಕಂಪನಿ ಕ್ಲೌಡ್‌ಫ್ಲೇರ್‌ನ ಡಿಎನ್ಎಸ್ (ವೆಬ್‌ಸೈಟಿನ ಹೆಸರಿಂದ ಅದ್ರ ನೆಟ್ ವಿಳಾಸ ಹುಡುಕೋ) ಸಾಫ್ಟ್‌ವೇರ್ ಕೆಲವು ಸರ್ವರ್‌ಗಳಲ್ಲಿ ಕುಸಿದು ಬಿತ್ತು. ಅವರೇ ಬರ್ದು ಹೇಳಿದ ಕಾರಣ ಓದಿದ್ರೆ ನನ್ನ ಸ್ಕ್ರಿಪ್ಟಿನ ಕಥೆನೇ, ಎರಡು ಟೈಮ್ ಕಳೆದ್ರೆ ಉತ್ತರ ಮೈನಸ್ ಬರೋಕೆ ಸಾಧ್ಯ ಇಲ್ಲ ಅಂತ ಕೋಡ್ ನಂಬಿತ್ತು, ಬಂತು, ಆ ಮೈನಸ್ ಸಂಖ್ಯೆ ರ್‍ಯಾಂಡಮ್ ಸಂಖ್ಯೆ ಕೊಡೋ ಫಂಕ್ಷನ್ ಒಳಗೆ ಹೋಯ್ತು, ಪ್ರೋಗ್ರಾಂ ನಿಂತ್ಹೋಯ್ತು. ಅದಾಗಿ ಕೆಲವೇ ತಿಂಗಳಿಗೆ, ಆ ಕೋಡ್ ಬರ್ದಿದ್ದ ಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ 1.9ನೇ ಆವೃತ್ತಿ ಬಂತು, ಅದ್ರಲ್ಲಿ ಟೈಮ್ ಕೇಳಿದ್ರೆ ಹಿಂದೆ ಹೋಗದ ಇನ್ನೊಂದು ಎಣಿಕೆನೂ ಜೊತೆಗೇ ಬರೋ ಹಾಗೆ ಮಾಡಿದ್ರು. ಲೀಪ್ ಸೆಕೆಂಡ್ ಪದ್ಧತಿನೇ 2035ರೊಳಗೆ ನಿಲ್ಲಿಸೋಣ ಅಂತ 2022ರಲ್ಲಿ ತೂಕ ಅಳತೆಗಳ ಅಂತಾರಾಷ್ಟ್ರೀಯ ಸಮ್ಮೇಳನ ತೀರ್ಮಾನ ಮಾಡಿದೆ, ಒಳ್ಳೇ ಕೆಲ್ಸ ಅಂತ ನನ್ನ ಅನಿಸಿಕೆ.

ಇಷ್ಟೆಲ್ಲ ಓದಿದ ಮೇಲೆ ನಂಗೆ ಸ್ಪಷ್ಟ ಆಗಿದ್ದು ಇದು: "ಈಗ ಟೈಮೆಷ್ಟು" ಅನ್ನೋದೂ "ಎಷ್ಟೊತ್ತು ಹಿಡೀತು" ಅನ್ನೋದೂ ಎರಡು ಬೇರೆ ಪ್ರಶ್ನೆ. ಮೊದಲನೇದಕ್ಕೆ ಉತ್ತರ ಬೇಕಂದ್ರೆ ಪ್ರಪಂಚದ ಜೊತೆ ಹೊಂದಿಕೊಳ್ಳಬೇಕು, ತಿದ್ದಿಸ್ಕೊಳ್ತಾನೇ ಇರ್ಬೇಕು, ಹಿಂದೆ ಮುಂದೆ ಹಾರ್ಬೇಕು. ಎರಡನೇದಕ್ಕೆ ಪ್ರಪಂಚ ಬೇಕಾಗೇ ಇಲ್ಲ, ಎಣಿಸ್ತಾ ಹೋದ್ರೆ ಸಾಕು, ಹಿಂದಕ್ಕೆ ಮಾತ್ರ ಹೋಗ್ಬಾರ್ದು. ಅದಕ್ಕೇ ಆಪರೇಟಿಂಗ್ ಸಿಸ್ಟಂಗಳು ಮೊನೊಟೊನಿಕ್ ಕ್ಲಾಕ್ ಅಂತ ಬೇರೆನೇ ಕೊಡ್ತಾವೆ. ಅದ್ರ ಸಂಖ್ಯೆ ಒಂದನ್ನೇ ನೋಡಿದ್ರೆ ಏನೂ ಅರ್ಥ ಇಲ್ಲ, ಲಿನಕ್ಸಲ್ಲಿ ಬೂಟ್ ಆದಾಗಿಂದ, ಅಂದ್ರೆ ಕಂಪ್ಯೂಟರ್ ಆನ್ ಆದಾಗಿಂದ, ಎಷ್ಟು ಸೆಕೆಂಡ್ ಅಂತ ಇರುತ್ತೆ ಅಷ್ಟೇ, ಎರಡರ ನಡುವಿನ ವ್ಯತ್ಯಾಸಕ್ಕೆ ಮಾತ್ರ ಬೆಲೆ. ಪೈಥಾನ್ ಭಾಷೆಯಲ್ಲಿ 3.3ನೇ ಆವೃತ್ತಿಯಿಂದಾನೇ ಇದೆ. ಜಾವಾಸ್ಕ್ರಿಪ್ಟಲ್ಲಿ ಮಾಮೂಲಿ ಟೈಮ್ ಕೊಡೋ ಡೇಟ್ ಬಿಟ್ಟು ಪರ್ಫಾರ್ಮೆನ್ಸ್ ಕಡೆಯಿಂದ ಕೇಳ್ಬೇಕು. ಒಂದೇ ಒಂದು ಎಚ್ಚರ, ಲಿನಕ್ಸಲ್ಲಿ ಲ್ಯಾಪ್‌ಟಾಪ್ ನಿದ್ದೆ ಮಾಡ್ತಿರೋವಾಗ ಈ ಎಣಿಕೆನೂ ನಿಲ್ಲುತ್ತೆ, ನಿದ್ದೆನೂ ಸೇರಿಸಿ ಬೇಕಂದ್ರೆ ಬೂಟ್‌ಟೈಮ್ ಅಂತ ಇನ್ನೊಂದಿದೆ.

ಎಣಿಸೋದು ಸರಿ ಇದ್ರೂ ಎಣಿಸಿದ್ದನ್ನ ಬರ್ದಿಟ್ಕೊಳ್ಳೋದ್ರಲ್ಲಿ ಎಡವಬಹುದು. 1991ರ ಫೆಬ್ರವರಿ 25ಕ್ಕೆ ಸೌದಿಯ ದಹ್ರಾನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿಂದ ಬಂದ ಇರಾಕಿನ ಸ್ಕಡ್ ಕ್ಷಿಪಣಿಯನ್ನ ತಡೀಲಿಲ್ಲ, 28 ಸೈನಿಕರು ಸತ್ರು. ಪೇಟ್ರಿಯಟ್ಟಿನ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗನ ಎಣಿಸ್ತಿತ್ತು, ಪೂರ್ಣಾಂಕವಾಗಿ, ಅದು ಸರಿನೇ ಇತ್ತು. ಸೆಕೆಂಡಿಗೆ ತಿರುಗಿಸೋಕೆ 0.1ರಿಂದ ಗುಣಿಸ್ತಿದ್ರು, ಆದ್ರೆ ನಮ್ಮ ದಶಮಾಂಶದಲ್ಲಿ ಮೂರನೇ ಒಂದು ಭಾಗ ಹೇಗೆ ಮುಗಿಯಲ್ವೋ ಹಾಗೆ ಬೈನರಿಯಲ್ಲಿ 0.1 ಮುಗಿಯೋದೇ ಇಲ್ಲ, 24 ಬಿಟ್ಟಿಗೆ ಕತ್ತರಿಸಿದಾಗ ಒಂದೊಂದು ಎಣಿಕೆಗೂ ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಭಾಗದಷ್ಟು ತಪ್ಪು ಉಳೀತು. ನೂರು ಗಂಟೆ ಬಿಡದೆ ಓಡಿದ ಮೇಲೆ ಅದು 0.34 ಸೆಕೆಂಡ್ ಆಗಿತ್ತು, ಅಷ್ಟು ಹೊತ್ತಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಹೋಗುತ್ತೆ. ಇದನ್ನ ಓದಿದಾಗಿಂದ ನಾನು ಸಮಯನ ದಶಮಾಂಶದಲ್ಲಿ ಕೂಡಿಡಲ್ಲ, ನ್ಯಾನೊಸೆಕೆಂಡಲ್ಲಿ ಪೂರ್ಣಾಂಕವಾಗೇ ಇಟ್ಕೊಂಡು ತೋರಿಸೋವಾಗ ಮಾತ್ರ ಭಾಗಿಸ್ತೀನಿ.

ಸ್ಕ್ರಿಪ್ಟಲ್ಲಿ ಬದಲಾಯಿಸಿದ್ದು ಎರಡು ಸಾಲು. ಶುರುವಾದ ಟೈಮ್, ಮುಗ್ದ ಟೈಮ್ ಎರಡೂ ಮಾಮೂಲಿ ಗಡಿಯಾರದಿಂದಾನೇ ಬರುತ್ತೆ, ಹಿಡ್ದ ಸಮಯ ಮಾತ್ರ ಮೊನೊಟೊನಿಕ್ಕಿಂದ. ನಿಜವಾಗ್ಲೂ ಸರಿಹೋಯ್ತಾ ಅಂತ ನೋಡೋಕೆ ನಿನ್ನೆ ರಾತ್ರಿ ಬ್ಯಾಕಪ್ ಓಡ್ತಿರೋವಾಗ ಬೇಕಂತಲೇ ಗಡಿಯಾರನ ಕೈಯಾರೆ ಏಳು ಸೆಕೆಂಡ್ ಹಿಂದಕ್ಕೆ ತಳ್ದೆ. ಲಾಗಲ್ಲಿ ಬಂದಿದ್ದು: ಶುರು 22:40:16, ಮುಗಿದದ್ದು 22:40:12, ತೆಗೆದುಕೊಂಡ ಸಮಯ 3.1 ಸೆಕೆಂಡ್.