ಬರೀ ನೀರಿನ ಕೂದಲಿಗೆ ಬಣ್ಣ

ಕೂದಲಿನ ಬಣ್ಣದ ಡಬ್ಬದ ಮೇಲೆ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ. ಇಷ್ಟು ಸಲ ಶಾಂಪೂ ಹಾಕುವವರೆಗೆ ಬಣ್ಣ ನಿಲ್ಲುತ್ತದೆ ಅಂತ. ಅದನ್ನು ಓದಿ ನಾನು ಯೋಚನೆಗೆ ಬಿದ್ದೆ. ನಾನು ಶಾಂಪೂ ಬಿಟ್ಟು ವರ್ಷದ ಮೇಲಾಗಿದೆ. ಕಂಡೀಷನರ್ ಕೂಡ ಇಲ್ಲ. ಬರೀ ನೀರು, ಬೆರಳು, ಒಂದು ಬ್ರಷ್, ಅಷ್ಟೇ. ಹಾಗಾದರೆ ಈ ಲೆಕ್ಕ ನನಗೆ ಹೇಗೆ ಹೊಂದುತ್ತದೆ? ಶಾಂಪೂ ಹಾಕದಿದ್ದರೆ ಬಣ್ಣ ಹೋಗುವುದೇ ಇಲ್ಲವಾ? ಅದಕ್ಕೂ ಮೊದಲಿನ ಪ್ರಶ್ನೆ, ಜಿಡ್ಡಿನ ತೆಳು ಪದರ ಹೊತ್ತಿರುವ ಕೂದಲಿಗೆ ಬಣ್ಣ ಹಿಡಿಯುತ್ತದಾ?

ಕೇಳಿದವರೆಲ್ಲ ಎರಡು ಪಕ್ಷವಾದರು. ಚೆನ್ನಾಗಿ ಶಾಂಪೂ ಹಾಕದೆ ಬಣ್ಣ ಮುಟ್ಟಲೇಬೇಡ ಅಂದರು ಕೆಲವರು. ಜಿಡ್ಡಿದ್ದರೆ ಒಳ್ಳೆಯದೇ, ನೆತ್ತಿ ಉರಿಯಲ್ಲ ಅಂದರು ಇನ್ನು ಕೆಲವರು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಯಾರೂ ಬರೀ ನೀರಿನಲ್ಲಿ ತೊಳೆದ ಅಲೆಗೂದಲನ್ನು ಮನಸ್ಸಲ್ಲಿಟ್ಟು ಹೇಳಿದ್ದಲ್ಲ. ಅದಕ್ಕೇ ಒಂದು ರಜೆಯ ದಿನವನ್ನು ಪೂರ್ತಿ ಇದಕ್ಕೆ ಎತ್ತಿಟ್ಟೆ. ತಲೆಗೆ ಹಚ್ಚುವ ಮೊದಲು ಉದುರಿದ ಕೂದಲಿನ ಮೇಲೆ ನೋಡಿಬಿಡೋಣ ಅಂತ.

ಬ್ರಷ್‌ನಲ್ಲಿ ಸಿಕ್ಕಿದ ಕೂದಲನ್ನು ನಾನು ಕೆಲವು ವಾರಗಳಿಂದ ಕೂಡಿಡುತ್ತಿದ್ದೆ. ಬುಡದ ತುದಿಯೆಲ್ಲ ಒಂದೇ ಕಡೆ ಬರುವ ಹಾಗೆ ಜೋಡಿಸಿ, ದಾರ ಕಟ್ಟಿ, ಮೂರು ಸಣ್ಣ ಕುಚ್ಚು ಮಾಡಿಕೊಂಡೆ. ನನ್ನದು ಕಡುಕಂದು ಕೂದಲು. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ಬಿಳಿ ಜಾಸ್ತಿಯಾಗಿದೆ. ಆ ಬಿಳಿ ಎಳೆಗಳು ಮೂರೂ ಕುಚ್ಚಿನಲ್ಲಿ ಇರುವ ಹಾಗೆ ನೋಡಿಕೊಂಡೆ. ಬಣ್ಣ ಹಿಡಿಯಿತೋ ಇಲ್ಲವೋ ಅನ್ನುವುದನ್ನು ನಿಜವಾಗಿ ಹೇಳುವುದು ಬಿಳಿ ಕೂದಲೇ.

ಪರೀಕ್ಷೆಗೆ ಮುಂಚೆ ಬೆಳಿಗ್ಗೆ ಎಂದಿನಂತೆ ತಲೆ ತೊಳೆದೆ. ನೀರಿನಲ್ಲಿ ತೊಳೆಯುವುದು ಅಂದರೆ ತಲೆ ಒದ್ದೆ ಮಾಡಿಕೊಂಡು ಎದ್ದು ಬರುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೆ ಮಾಡಿದರೆ ಮೇಣ ಹಚ್ಚಿದ ಹಾಗೆ ಅಂಟಂಟಾಗಿ ಉಳಿಯುತ್ತದೆ, ಅಷ್ಟೇ. ಅರ್ಧ ಕೆಲಸ ಒಣ ಕೂದಲಲ್ಲೇ ಆಗಬೇಕು. ಮೊದಲು ಬೆರಳ ತುದಿಯಿಂದ ನೆತ್ತಿಯನ್ನು ಒತ್ತಿ ಒತ್ತಿ ತಿಕ್ಕುತ್ತೇನೆ. ಉಗುರು ತಾಗಿಸುವುದಿಲ್ಲ. ಆಮೇಲೆ ಒಂದೊಂದೇ ಸಣ್ಣ ಜೊಂಪೆಯನ್ನು ಎರಡು ಬೆರಳ ಮಧ್ಯೆ ಹಿಡಿದು ಬುಡದಿಂದ ತುದಿಗೆ ಎಳೆಯುತ್ತೇನೆ. ಬುಡದಲ್ಲಿ ಕೂತ ಎಣ್ಣೆ ಹೀಗೆ ಕೆಳಗಿಳಿಯುತ್ತದೆ.

ನೇರ ಕೂದಲಲ್ಲಿ ಎಣ್ಣೆ ಸಲೀಸಾಗಿ ಜಾರುತ್ತದೆ. ಅಲೆಗೂದಲಲ್ಲಿ ಪ್ರತಿ ತಿರುವಿನಲ್ಲೂ ನಿಲ್ಲುತ್ತದೆ. ಬುಡ ಜಿಡ್ಡು, ತುದಿ ಒಣಕಲು, ಇದು ನಮ್ಮಂಥವರ ದಿನನಿತ್ಯದ ಗೋಳು ಅಲ್ವಾ? ಹಾಗಂತ ಒಣ ಕೂದಲಿಗೆ ಜೋರಾಗಿ ಬ್ರಷ್ ಹಾಕಿದರೆ ಅಲೆಗಳು ಬಿಚ್ಚಿಕೊಂಡು ಕೆದರಿ ನಿಲ್ಲುತ್ತವೆ. ಅದಕ್ಕೇ ನಾನು ಬ್ರಷ್ ಹಿಡಿಯುವುದು ತೊಳೆಯುವುದಕ್ಕೆ ಸ್ವಲ್ಪ ಮುಂಚೆ ಮಾತ್ರ. ಹೇಗೂ ನೀರು ಬಿದ್ದ ಮೇಲೆ ಅಲೆ ಹೊಸದಾಗಿ ಕೂರುತ್ತದೆ. ಒದ್ದೆಯಾದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತವೆ. ಒಣಗುವ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿದೆಯೋ ಆ ಆಕಾರವೇ ಮುಂದಿನ ತೊಳೆಯುವಿಕೆಯವರೆಗೆ. ಹಾಗಾಗಿ ಒಣಗುವಾಗ ಕೈ ಹಾಕದೆ ಸುಮ್ನೆ ಬಿಡುತ್ತೇನೆ.

ನೀರಿನ ಬಿಸಿಯೂ ಮುಖ್ಯ. ನೆತ್ತಿಯಲ್ಲಿ ಬರುವ ಎಣ್ಣೆಗೆ ಸೀಬಮ್ ಅನ್ನುತ್ತಾರೆ. ಅದರಲ್ಲಿ ಟ್ರೈಗ್ಲಿಸರೈಡ್, ಮೇಣದಂಥ ಎಸ್ಟರ್, ಸ್ಕ್ವಾಲೀನ್ ಎಲ್ಲ ಬೆರೆತಿರುತ್ತವೆ. ನೀರಿನಲ್ಲಿ ಕರಗುವುದಿಲ್ಲ. ಆದರೆ ನಮ್ಮ ಮೈಬಿಸಿಯ ಹತ್ತಿರ ಅದು ಮೆತ್ತಗಾಗುತ್ತದೆ. ಮೆತ್ತಗಾದದ್ದನ್ನು ಬೆರಳು ಎಬ್ಬಿಸುತ್ತದೆ, ನೀರು ಹೊತ್ತುಕೊಂಡು ಹೋಗುತ್ತದೆ. ತಣ್ಣೀರಿನಲ್ಲಿ ಎಷ್ಟು ತಿಕ್ಕಿದರೂ ಅಷ್ಟು ಬರುವುದಿಲ್ಲ. ಬೆವರು, ಧೂಳು, ಉಪ್ಪಿಗಂತೂ ನೀರೇ ಸಾಕು.

ಇಲ್ಲಿ ಒಂದು ಮಾತು ಹೇಳಬೇಕು. ಶಾಂಪೂ ಬಿಟ್ಟರೆ ನೆತ್ತಿ ಎಣ್ಣೆ ಮಾಡುವುದನ್ನೇ ಕಮ್ಮಿ ಮಾಡುತ್ತದೆ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎಣ್ಣೆ ಎಷ್ಟು ಬರಬೇಕು ಅನ್ನುವುದು ಮುಖ್ಯವಾಗಿ ಹಾರ್ಮೋನುಗಳ ಕೈಲಿದೆ. ನನಗೆ ಬದಲಾದದ್ದು ಬೇರೆ. ಎಣ್ಣೆಯನ್ನು ಬುಡದಲ್ಲಿ ಬಿಡದೆ ತುದಿಯವರೆಗೆ ಹಂಚುವುದನ್ನು ನನ್ನ ಕೈ ಕಲಿಯಿತು. ತಲೆಹೊಟ್ಟಿನ ತೊಂದರೆ ಇರುವವರಿಗೆ ಈ ದಾರಿಯನ್ನು ನಾನು ಹೇಳುವುದೂ ಇಲ್ಲ. ಹೊಟ್ಟಿಗೆ ಸಂಬಂಧಿಸಿದ ಮಲಸೀಜಿಯಾ ಅನ್ನುವ ಶಿಲೀಂಧ್ರ ಬದುಕುವುದೇ ಈ ಎಣ್ಣೆಯ ಮೇಲೆ. ಅವರಿಗೆ ಔಷಧಿಯ ಶಾಂಪೂವೇ ಸರಿ.

ಸರಿ, ಕುಚ್ಚುಗಳಿಗೆ ಬರೋಣ.

ಮೊದಲನೆಯದನ್ನು ಬ್ರಷ್‌ನಿಂದ ಬಂದ ಹಾಗೇ ಬಿಟ್ಟೆ. ಎರಡನೆಯದನ್ನು ಬಿಸಿನೀರಿನಲ್ಲಿ ಹಿಡಿದು, ಬುಡದಿಂದ ತುದಿಗೆ ಬೆರಳಲ್ಲಿ ಎಳೆದು, ಆಮೇಲೆ ಒರಟು ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಮೂರನೆಯದಕ್ಕೆ ಮನೆಯವರ ಶಾಂಪೂ ಹಾಕಿದೆ. ಮೂರೂ ಒಣಗಿದ ಮೇಲೆ ಒಂದೇ ಬಟ್ಟಲಿನ ಬಣ್ಣ, ಒಂದೇ ಹೊತ್ತು.

ಯಾವ ಬಣ್ಣ ಅನ್ನುವುದನ್ನು ಮೊದಲೇ ತೀರ್ಮಾನಿಸಿದ್ದೆ. ತಾಮ್ರದ ಛಾಯೆಯ ಕಂದು, ಡೆಮಿ ಪರ್ಮನೆಂಟ್, ಅಂದರೆ ನಿಧಾನವಾಗಿ ಮಾಸಿಹೋಗುವ ಬಣ್ಣ. ಬ್ಲೀಚ್ ಬೇಡವೇ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬರೀ ನೀರಿನವರಿಗೆ ಬ್ಲೀಚ್ ಕೊಡುವ ಪೆಟ್ಟು ದೊಡ್ಡದು. ಕೂದಲಿನ ಹೊರಮೈಯಲ್ಲಿ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತ ಕ್ಯೂಟಿಕಲ್ ಪದರಗಳಿವೆ. ಅದರ ಮೇಲೆ ಕೂದಲಿಗೇ ಗಟ್ಟಿಯಾಗಿ ಬೆಸೆದುಕೊಂಡ ಒಂದು ಕೊಬ್ಬಿನ ಪದರ ಇದೆ. 18-ಎಂಇಎ ಅಂತ ಅದರ ಹೆಸರು. ಕೂದಲು ನುಣುಪಾಗಿರುವುದು, ನೀರನ್ನು ಬೇಗ ಹೀರದೇ ಇರುವುದು ಇದರಿಂದ. ಬ್ಲೀಚ್ ಇದನ್ನು ಕಿತ್ತುಹಾಕುತ್ತದೆ. ಕಿತ್ತುಹೋದದ್ದು ಆ ಎಳೆಗೆ ಮತ್ತೆ ಬರುವುದಿಲ್ಲ. ಆಮೇಲೆ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಕಂಡೀಷನರ್ ಇಲ್ಲದೆ ಬಿಡಿಸುವುದೇ ಕಷ್ಟವಾಗುತ್ತದೆ. ಇಷ್ಟು ಕಾಲ ಜೋಪಾನ ಮಾಡಿದ ಅಲೆಗಳನ್ನು ಒಂದು ಮಧ್ಯಾಹ್ನಕ್ಕೆ ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಪರ್ಮನೆಂಟ್ ಬಣ್ಣದಲ್ಲಿ ಸಾಮಾನ್ಯವಾಗಿ ಅಮೋನಿಯಾ ಇರುತ್ತದೆ, ಅದರ ಜೊತೆಗೆ ಬೆರೆಸುವ ಡೆವಲಪರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಅಮೋನಿಯಾದಂಥ ಕ್ಷಾರ ಕೂದಲನ್ನು ಉಬ್ಬಿಸಿ ಹುರುಪೆ ಎಬ್ಬಿಸುತ್ತದೆ. ಸಣ್ಣ ಬಣ್ಣದ ಅಣುಗಳು ಒಳಗೆ ಹೋಗಿ ಪೆರಾಕ್ಸೈಡ್ ಜೊತೆ ಸೇರಿ ದೊಡ್ಡದಾಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಡೆಮಿಯಲ್ಲೂ ಇದೇ ಕೆಲಸ, ಆದರೆ ಪೆರಾಕ್ಸೈಡ್ ಕಮ್ಮಿ, ಕ್ಷಾರ ಮೃದು. ಅದು ಕಪ್ಪನ್ನು ತಿಳಿಯಾಗಿಸುವುದಿಲ್ಲ. ಹಾಗಾಗಿ ನನ್ನ ಕಡುಕಂದಿನಲ್ಲಿ ಬಿಸಿಲಿಗೆ ನಿಂತಾಗ ಮಾತ್ರ ಕೆಂಪು ಮಿಂಚುತ್ತದೆ. ಬಿಳಿ ಎಳೆಗಳು ಮಾತ್ರ ತಾಮ್ರದ ತಂತಿಗಳಾಗುತ್ತವೆ. ನನಗೆ ಬೇಕಾದದ್ದೂ ಅದೇ. ಬಿಳಿ ಮುಚ್ಚಿಹೋಗಬೇಕು ಅಂತಲ್ಲ, ಬೆಳಗಬೇಕು.

ಕುಚ್ಚುಗಳನ್ನು ತೊಳೆದು ಕಿಟಕಿಯ ಬೆಳಕಿನಲ್ಲಿ ಹಿಡಿದಾಗ ವ್ಯತ್ಯಾಸ ಕಂಡಿತು. ಶಾಂಪೂ ಹಾಕಿದ್ದರಲ್ಲಿ ಬಿಳಿ ಎಳೆಗಳು ಬುಡದಿಂದ ತುದಿಯವರೆಗೆ ಒಂದೇ ಸಮ. ಹಾಗೇ ಬಿಟ್ಟದ್ದರಲ್ಲಿ ತುದಿಗಳು ಚೆನ್ನಾಗಿದ್ದವು, ಬುಡದ ಕಡೆ ತೇಪೆ ತೇಪೆ, ಎರಡು ಮೂರು ಎಳೆ ಬರೀ ಹಳದಿಯಾಗಿ ನಿಂತಿದ್ದವು. ನಾನು ಕಾತರದಿಂದ ಕಾದದ್ದು ಎರಡನೆಯದಕ್ಕೆ. ಬಿಸಿನೀರು ಮತ್ತು ಬಟ್ಟೆಯ ಕುಚ್ಚು. ಅದು ಶಾಂಪೂ ಕುಚ್ಚಿನ ಪಕ್ಕ ಇಟ್ಟರೆ ಗುರುತಿಸಲು ಕಷ್ಟ ಅನ್ನುವಷ್ಟು ಚೆನ್ನಾಗಿ ಹಿಡಿದಿತ್ತು. ಎಷ್ಟು ಸಂತೋಷವಾಯಿತು ಅಂದರೆ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾವುದು ಯಾವುದು ಅಂತ ಹೇಳದೆ ಕೇಳಿದೆ. ಅವರಿಗೂ ಮೊದಲನೆಯದು ಮಾತ್ರ ಬೇರೆ ಅನ್ನಿಸಿತು.

ಎಣ್ಣೆ ಸ್ವಲ್ಪ ಇದ್ದರೆ ಬಣ್ಣಕ್ಕೆ ಅಡ್ಡಿಯಿಲ್ಲ, ಮೇಣದ ಹಾಗೆ ಗಟ್ಟಿಯಾಗಿ ಕೂತರೆ ಅಡ್ಡಿ, ಇದು ನನಗೆ ತಿಳಿದದ್ದು. ಬಣ್ಣದ ಕ್ರೀಮಿನಲ್ಲೇ ಎಣ್ಣೆ ಎಬ್ಬಿಸುವ ಅಂಶಗಳಿರುತ್ತವೆ, ತೆಳು ಜಿಡ್ಡನ್ನು ಅದೇ ನೋಡಿಕೊಳ್ಳುತ್ತದೆ. ಮೇಣ ಕೂರಲು ಗಡಸು ನೀರೂ ಒಂದು ಕಾರಣ. ನೀರಿನ ಕ್ಯಾಲ್ಸಿಯಂ, ಸೀಬಮ್‌ನ ಕೊಬ್ಬಿನಾಮ್ಲಗಳ ಜೊತೆ ಸೇರಿ ಕರಗದ ಪದರವಾಗುತ್ತದೆ. ಬ್ರಷ್ಷಿಗೆ ಬೂದು ಬಣ್ಣದ ಅಂಟು ಬರುತ್ತಿದ್ದರೆ ಅಂಥ ಪದರ ಕೂತಿದೆಯಾ ಅಂತ ಅನುಮಾನ ಪಡಬೇಕು. ನೀರು ತುಂಬಾ ಗಡಸಾಗಿದ್ದರೆ ಬರೀ ನೀರಿನ ಹಟ ಬಿಟ್ಟು, ಬಣ್ಣಕ್ಕೆ ಮುಂಚೆ ಒಂದು ಸಲ ಖನಿಜ ತೆಗೆಯುವ ಶಾಂಪೂ ಹಾಕುವುದೇ ಒಳ್ಳೆಯದು. ನೀರಿನಿಂದ ಬಂದು ಕೂದಲಲ್ಲಿ ಕೂತ ತಾಮ್ರದಂಥ ಲೋಹಗಳು ಪೆರಾಕ್ಸೈಡ್ ಜೊತೆ ಸೇರಿ ಕೂದಲಿಗೆ ಹಾನಿ ಜಾಸ್ತಿ ಮಾಡುತ್ತವೆ. ನಮ್ಮ ನೀರು ಮೃದು. ಅದು ನನ್ನ ಅದೃಷ್ಟ.

ಇನ್ನು ಉಳಿದದ್ದು ಡಬ್ಬದ ಲೆಕ್ಕ. ಎರಡನೆಯ ಕುಚ್ಚನ್ನು ಒಣಗಿಸಿ ಎರಡು ಪಾಲು ಮಾಡಿದೆ. ಒಂದನ್ನು ನಾನು ದಿನವೂ ತಲೆಗೆ ಬಳಸುವ ಬಿಸಿಯ ನೀರಿನಲ್ಲಿ, ಇನ್ನೊಂದನ್ನು ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ಬೆರಳಾಡಿಸಿದೆ. ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದೆ. ಎರಡರಲ್ಲೂ ಕಲೆ ಬಂತು. ಬಿಸಿನೀರಿನದರಲ್ಲಿ ಎದ್ದು ಕಾಣುವಷ್ಟು ಜಾಸ್ತಿ. ಒಣಗಿಸಿ ಮತ್ತೆ ಮತ್ತೆ ಮಾಡಿದೆ. ಕಲೆ ತೆಳುವಾಗುತ್ತಾ ಹೋಯಿತು, ಪೂರ್ತಿ ನಿಲ್ಲಲಿಲ್ಲ.

ಇದನ್ನು ಬರೀ ನೀರಿನ ದಾರಿ ಹಿಡಿದವರೆಲ್ಲ ತಿಳಿದುಕೊಳ್ಳಬೇಕು ಅಂತ ನನ್ನ ಆಸೆ. ಬಣ್ಣ ಮಾಸುವುದಕ್ಕೆ ಶಾಂಪೂ ಒಂದೇ ಕಾರಣವಲ್ಲ. ಒದ್ದೆಯಾದಾಗ ಕೂದಲಿನ ದಪ್ಪ ಸುಮಾರು 15% ಹೆಚ್ಚುತ್ತದೆ. ಹಾಗೆ ಉಬ್ಬಿದಾಗ ಒಳಗಿನ ಸಣ್ಣ ಅಣುಗಳು ಹೊರಗೆ ಜಾರುತ್ತವೆ. ಶಾಂಪೂ ಇದ್ದರೂ ಇಲ್ಲದಿದ್ದರೂ ನೀರಿನ ಕೆಲಸ ನೀರು ಮಾಡುತ್ತದೆ. ಬರೀ ನೀರು ತಾನೇ ಅಂತ ದಿನ ಬಿಟ್ಟು ದಿನ ಬಿಸಿನೀರು ಸುರಿದುಕೊಂಡರೆ, ವಾರಕ್ಕೊಮ್ಮೆ ಮೃದು ಶಾಂಪೂ ಹಾಕುವವರಿಗಿಂತ ಬೇಗ ಬಣ್ಣ ಕಳೆದುಕೊಂಡರೂ ಆಶ್ಚರ್ಯವಿಲ್ಲ. ಅದರಲ್ಲೂ ಕೆಂಪು ಛಾಯೆಗಳು ಬೇಗ ಮಾಸುವುದಕ್ಕೆ ಹೆಸರಾದವು.

ಇಲ್ಲಿ ನನಗೆ ನಿಜವಾದ ಇಕ್ಕಟ್ಟು ಬಂತು. ಎಣ್ಣೆ ಏಳಬೇಕಾದರೆ ಬಿಸಿ ಬೇಕು, ತುಂಬಾ ಹೊತ್ತು ಬೇಕು. ಬಣ್ಣ ಉಳಿಯಬೇಕಾದರೆ ಎರಡೂ ಕಮ್ಮಿ ಇರಬೇಕು. ಸಂಜೆಯೆಲ್ಲ ಇದನ್ನೇ ಯೋಚಿಸಿ ಒಂದು ದಾರಿ ಮಾಡಿಕೊಂಡೆ. ಬಣ್ಣ ಹಚ್ಚಿದ ಮೇಲೆ ತೊಳೆಯುವುದನ್ನು ಕಮ್ಮಿ ಮಾಡುತ್ತೇನೆ, ಒಣ ಕೂದಲಲ್ಲಿ ಬೆರಳಿಂದ ಎಣ್ಣೆ ಇಳಿಸುವ ಕೆಲಸವನ್ನು ಜಾಸ್ತಿ ಮಾಡುತ್ತೇನೆ. ತೊಳೆಯುವ ದಿನ ಬಿಸಿನೀರು ನೆತ್ತಿಗೆ, ಬುಡಕ್ಕೆ ಮಾತ್ರ. ಉದ್ದಕ್ಕೆ ಕೊನೆಯಲ್ಲಿ ಉಗುರುಬೆಚ್ಚಗಿನ ನೀರು, ಅದೂ ಬೇಗ. ಉದ್ದದಲ್ಲಿರುವ ಎಣ್ಣೆಯನ್ನು ಅಲ್ಲೇ ಬಿಟ್ಟರೆ ಅಲೆಗಳಿಗೆ ಒಳ್ಳೆಯದೇ.

ಬಣ್ಣ ಹಚ್ಚುವ ದಿನದ ಬಗ್ಗೆಯೂ ಮನಸ್ಸು ಗಟ್ಟಿಯಾಗಿದೆ. ಹಿಂದಿನ ದಿನ ಬೆಳಿಗ್ಗೆ ಎರಡನೆಯ ಕುಚ್ಚಿಗೆ ಮಾಡಿದ ಹಾಗೇ ಬಿಸಿನೀರು, ಬೆರಳು, ಬಟ್ಟೆ. ಕಿವಿಯ ಮೇಲಿನ ಬಿಳಿ ಕೂದಲಿಗೆ ಹೆಚ್ಚು ಗಮನ. ಆಮೇಲೆ ಒಂದು ದಿನ ಬಿಟ್ಟರೆ ನೆತ್ತಿಗೆ ಬೇಕಾದಷ್ಟು ಎಣ್ಣೆ ಮರಳುತ್ತದೆ. ಬಣ್ಣ ಮೊದಲು ಬಿಳಿ ಇರುವ ಕಡೆ, ತುದಿಗೆ ಕೊನೆಯಲ್ಲಿ. ತುದಿ ಹಳೆಯದು, ಬೇಗ ಹೀರುತ್ತದೆ. ತೆಗೆಯುವಾಗ ಸ್ವಲ್ಪ ನೀರು ಹಾಕಿ ಕ್ರೀಮನ್ನು ತಲೆಯ ಮೇಲೇ ಮೆತ್ತಗೆ ತಿಕ್ಕಿ, ನೀರು ತಿಳಿಯಾಗುವವರೆಗೆ ತೊಳೆಯುವುದು. ಕೊನೆಗೆ ಡಬ್ಬದ ಜೊತೆ ಬರುವ ಕಂಡೀಷನರನ್ನು ಹಾಕಿಕೊಳ್ಳುತ್ತೇನೆ. ಕ್ಷಾರದಿಂದ ಉಬ್ಬಿದ ಕೂದಲನ್ನು ಮತ್ತೆ ಕೂರಿಸಲು ಸ್ವಲ್ಪ ಆಮ್ಲೀಯವಾದದ್ದು ಬೇಕು, ಬರೀ ನೀರಿನಿಂದ ಅದು ಅಷ್ಟು ಬೇಗ ಆಗುವುದಿಲ್ಲ. ಬರೀ ನೀರು ಅನ್ನುವುದನ್ನು ನಾನು ಹಿಡಿದದ್ದು ಕೂದಲು ಚೆನ್ನಾಗಿರಲಿ ಅಂತ. ಒಂದು ದಿನದ ಕಂಡೀಷನರಿನಿಂದ ಅದು ಮುರಿಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆಮೇಲೆ ಎರಡು ಮೂರು ದಿನ ತಲೆಗೆ ನೀರೇ ಇಲ್ಲ.

ಇದೆಲ್ಲಕ್ಕೂ ಮೊದಲು ಪ್ಯಾಚ್ ಟೆಸ್ಟ್, ಅಂದರೆ ಚರ್ಮಕ್ಕೆ ಸ್ವಲ್ಪ ಬಣ್ಣ ಹಚ್ಚಿ ನೋಡುವುದು. ಪೆರಾಕ್ಸೈಡ್ ಬೆರೆಸುವ ಇಂಥ ಬಣ್ಣಗಳಲ್ಲಿ ಹೆಚ್ಚಿನವುಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಅಥವಾ ಅದರ ಜಾತಿಯ ಟೊಲುಯೀನ್ ಡೈಅಮೀನ್ ಇರುತ್ತದೆ, ಮತ್ತು ಅವು ಕೆಲವರಿಗೆ ಕೆಟ್ಟ ಅಲರ್ಜಿ ತರುತ್ತವೆ. ಹಿಂದೆ ಹಚ್ಚಿ ಏನೂ ಆಗದವರಿಗೂ ಮುಂದೊಂದು ದಿನ ಆಗಬಹುದು. ನೆತ್ತಿಯ ಜಿಡ್ಡು ಉರಿಯನ್ನು ಸ್ವಲ್ಪ ತಡೆದೀತು, ಅಲರ್ಜಿಯನ್ನು ತಡೆಯುವುದಿಲ್ಲ. ಅದಕ್ಕೇ ಅವತ್ತು ರಾತ್ರಿ ಡಬ್ಬದಲ್ಲಿ ಹೇಳಿದ ಹಾಗೆ ಮೊಣಕೈಯ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿಕೊಂಡೆ. 48 ಗಂಟೆ ಕಾಯಬೇಕು. ತುರಿಕೆ, ಕೆಂಪು, ಊತ ಏನಾದರೂ ಬಂದರೆ ಈ ಡಬ್ಬ ಪಕ್ಕಕ್ಕೆ. ಏನೂ ಬರದಿದ್ದರೆ ಮುಂದಿನ ರಜೆಯ ದಿನ ಕೈಗವಸು ಹಾಕಿಕೊಂಡು ಕಿವಿಯ ಮೇಲಿನಿಂದ ಶುರು ಮಾಡುತ್ತೇನೆ.